ಕೆರೆ ನೀರಿಗೂ ಸರ್ಟಿಫಿಕೇಟ್ ಬೇಕು



ಡೇರಿಯಲ್ಲಿ ನಮ್ಮ ಹಾಲಿಗೆ ಎರಡು ಹೊತ್ತೂ ಫ್ಯಾಟ್ ನೋಡ್ತಾರೆ. ಕೆರೆಗೆ ಬಿಡೋ ನೀರಿಗೆ? ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು, ಅಂದರೆ ಶುದ್ಧೀಕರಿಸಿದ ಬೆಂಗಳೂರಿನ ಚರಂಡಿ ನೀರು, 2018ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡಿತು, ಉಚ್ಚ ನ್ಯಾಯಾಲಯ ತಡೆ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ನೀರು ಮತ್ತೆ ಹರಿಯಿತು. ಒಣಗಿದ ಕೆರೆ ತುಂಬೋದನ್ನು ಬೇಡ ಅನ್ನುವವನು ನಾನಲ್ಲ. ಬೋರ್‌ವೆಲ್‌ಗೆ ಸಾಲ ಮಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಅದು ಎರಡನೇ ಹಂತದ ಶುದ್ಧೀಕರಣ. ನೀರು ಇಂಗಲಿ ಅಂತ ಬಿಟ್ಟದ್ದು, ಕುಡಿಯಲಿಕ್ಕಲ್ಲ. ಮೂರನೇ ಹಂತವೂ ಆಗಲಿ ಎಂದು ರೈತರು ಕೇಳಿದ್ದು ನ್ಯಾಯವೇ.

ಹಾಗಂತ ಕೊಳವೆಬಾವಿ ನೀರು ತಿಳಿಯಾಗಿದೆಯೆಂದು ನಂಬಿ ಕೂರಬೇಡಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯೋ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಕುದಿಸಿದರೂ ಹೋಗೋದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ದೇವರಾಯಸಮುದ್ರದ ಆ ಐವರು ಯಾರು? ಗ್ರಾಮಸಭೆಯಲ್ಲಿ ಕೇಳಿ. ಕೆರೆಯದ್ದಾಗಲಿ, ನಲ್ಲಿಯದ್ದಾಗಲಿ, ವರದಿ ಬಂದರೆ ಫೈಲಿಗೆ ಸೇರಿಸೋದು ಬೇಡ. ಸಂಘದ ನೋಟೀಸ್ ಬೋರ್ಡಿನಲ್ಲಿ ದಪ್ಪಕ್ಷರದ ಕನ್ನಡದಲ್ಲಿ ಬರೆಸೋಣ.