ಕೆಂಪಗಿದ್ರೆಲ್ಲಾ ಒಂದೇ ಮೀನಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಕೇಳ್ತಿರೋರಿಗೆ ಒಂದು ಪ್ರಶ್ನೆ. ಕೆರೆ ಮೀನು ಮುಂದಿಟ್ರೆ ಕಾಟ್ಲಾ ಯಾವುದು, ರೋಹು ಯಾವುದು ಅಂತ ಥಟ್ ಅಂತ ಹೇಳ್ತೀವಿ. ಸಮುದ್ರದ ಮೀನಾದ್ರೆ? ಕೆಂಪಗಿದ್ರೆ ಸಾಕು, ‘ರೆಡ್ ಸ್ನ್ಯಾಪರ್’ ಅಂತ ಬಿಲ್ ಹಾಕ್ತಾರೆ, ನಾವೂ ದುಡ್ಡು ಕೊಟ್ಟು ಬರ್ತೀವಿ. ನಾನು ಬಿ.ಕಾಂ ಓದಿದವನು. ಬಿಲ್ಲಲ್ಲಿರೋ ಹೆಸರು, ಚೀಲದಲ್ಲಿರೋ ಸಾಮಾನು, ಎರಡೂ ತಾಳೆ ಆಗ್ಬೇಕು ಅನ್ನೋನು.

ಮಂಗಳೂರು, ಮಲ್ಪೆ ಕಡೆ ಸ್ನ್ಯಾಪರ್‌ಗೆ ಕೆಂಬೇರಿ ಅಂತಾರೆ. ಲುಟ್ಜಾನಸ್ ಅನ್ನೋ ಒಂದೇ ಗುಂಪಿನಲ್ಲಿ ಸುಮಾರು 70 ಜಾತಿಗಳಿವೆ. ಎಷ್ಟೋ ಸಲ ಇದೇ ಹೆಸರಲ್ಲಿ ನಮಗೆ ಸಿಗೋದು ರಾಣಿ ಮೀನು, ಅಂದ್ರೆ ಪಿಂಕ್ ಪರ್ಚ್. ಅದು ತೆಳ್ಳಗೆ, ಗುಲಾಬಿ ಬಣ್ಣ, ಮೈಮೇಲೆ ಹಳದಿ ಗೆರೆ. ಬಾಲದ ಮೇಲಿನ ತುದಿಯಲ್ಲಿ ಉದ್ದನೆ ಎಳೆ ಇರುತ್ತೆ. ತಿನ್ನೋಕೆ ಒಳ್ಳೇದೇ, ಆದ್ರೆ ಸ್ನ್ಯಾಪರ್ ಅಲ್ಲ. ಸ್ನ್ಯಾಪರ್ ಮೈ ಅಗಲ, ಬಾಯಿ ದೊಡ್ಡದು. ಬಾಯಿ ತೆರೆದು ನೋಡಿ, ಮುಂದೆ ಕೋರೆಹಲ್ಲು ಕಾಣುತ್ತೆ.

ಇಲ್ಲಿವರೆಗೂ ಬರೀ ದುಡ್ಡಿನ ವಿಷಯ. ಈಗ ಆರೋಗ್ಯದ್ದು. 2016ರಲ್ಲಿ ಮಂಗಳೂರಿನ ಒಂದು ಮೀನು ಸಂಸ್ಕರಣಾ ಕಾರ್ಖಾನೆಯ ಕಾರ್ಮಿಕರು ಸ್ನ್ಯಾಪರ್ ತಲೆ ಬೇಯಿಸಿ ತಿಂದು ಆಸ್ಪತ್ರೆ ಸೇರಿದ್ರು. ಕಾರಣ ಸಿಗ್ವಾಟೆರಾ ಅನ್ನೋ ವಿಷ. ಹವಳದ ದಿಬ್ಬಗಳ ಪಾಚಿ ಮೇಲೆ ಬೆಳೆಯೋ ಸೂಕ್ಷ್ಮಜೀವಿಯಿಂದ ಶುರುವಾಗಿ, ಚಿಕ್ಕ ಮೀನಿಂದ ದೊಡ್ಡ ಮೀನಿಗೆ ಹೋಗ್ತಾ ಹೆಚ್ಚಾಗುತ್ತೆ. ಬೇಯಿಸಿದ್ರೂ ಹೋಗಲ್ಲ, ಫ್ರೀಜರ್‌ನಲ್ಲಿಟ್ರೂ ಹೋಗಲ್ಲ. ರುಚಿ, ವಾಸನೆಯಲ್ಲೂ ಗೊತ್ತಾಗಲ್ಲ. ತಲೆ, ಈಲಿ, ಕರುಳಲ್ಲಿ ಜಾಸ್ತಿ ಇರುತ್ತೆ.

ಈ ವಿಷಕ್ಕೆ ಹೆಸರಾದ ಜಾತಿ ಲುಟ್ಜಾನಸ್ ಬೋಹಾರ್. ಕೆಂಪು-ಕಂದು ಬಣ್ಣ. ಮೂಗಿನ ತೂತಿಂದ ಕಣ್ಣಿನವರೆಗೆ ಆಳವಾದ ಗೀರು ಇರುತ್ತೆ, ಇದೇ ಮುಖ್ಯ ಗುರುತು. ಮರಿಗಳ ಬೆನ್ನ ಮೇಲೆ ಎರಡು ಬೆಳ್ಳಿ ಚುಕ್ಕೆ ಇರುತ್ತೆ, ದೊಡ್ಡದಾದ ಮೇಲೆ ಮಾಸಿಹೋಗುತ್ತೆ. ಮಾರ್ಕೆಟ್ಟಲ್ಲಿ ಹೆಚ್ಚಾಗಿ ಬರೋ ಮಲಬಾರ್ ಸ್ನ್ಯಾಪರ್‌ಗೆ ಆ ಗೀರಿರಲ್ಲ, ಮೈಯೆಲ್ಲಾ ಕೆಂಪು.

ಹಾಗಂತ ಸ್ನ್ಯಾಪರ್ ತಿನ್ನೋದೇ ಬೇಡ ಅಂತ ನಾನು ಹೇಳ್ತಿಲ್ಲ. ಮೂರು ಕೆಲಸ ಮಾಡಿ. ಕತ್ತರಿಸೋಕೆ ಮುಂಚೆ ಇಡೀ ಮೀನು ನೋಡಿ. ಮೊಬೈಲ್‌ನಲ್ಲಿ ತಲೆ ಕಾಣೋ ಹಾಗೆ ಒಂದು ಫೋಟೋ ತೆಗೆದಿಡಿ. ಯಾವ ಜಾತಿ ಅಂತ ಗೊತ್ತಿಲ್ಲದ ದೊಡ್ಡ ಸ್ನ್ಯಾಪರ್‌ನ ತಲೆ ಸಾರಿಗೆ ಹಾಕ್ಬೇಡಿ. ತಿಂದ ಮೇಲೆ ವಾಂತಿ, ಭೇದಿ, ತುಟಿ ಜುಮ್ಮೆನ್ನೋದು, ತಣ್ಣೀರು ಮುಟ್ಟಿದ್ರೆ ಸುಟ್ಟಂಗೆ ಆಗೋದು ಕಂಡ್ರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ, ಆ ಫೋಟೋ ಡಾಕ್ಟರ್‌ಗೆ ತೋರಿಸಿ.

ಭಾನುವಾರ ಮನೆಗೆ ಮೀನು ತರೋರು ಯಾರೋ, ಅವರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.