ಆಟದ ಮಾತಿನಿಂದ ಇಂಗ್ಲಿಷ್ ಕಲಿಕೆ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಉರ್ದು, ಊರಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಭಯ. ಆದರೆ ಮೈದಾನಕ್ಕೆ ಇಳಿದರೆ ಇದೇ ಮಕ್ಕಳ ಬಾಯಲ್ಲಿ ಫಾರ್ಮ್, ಫಿಟ್‌ನೆಸ್, ಸ್ಟ್ಯಾಮಿನಾ, ಸ್ಕೋರ್ ಎಂಬ ಪದಗಳು ಸಲೀಸಾಗಿ ಬರುತ್ತವೆ. ಪದ ಇದೆ, ವಾಕ್ಯ ಕಟ್ಟುವುದು ಮಾತ್ರ ಬಾಕಿ. ಕ್ರೀಡಾ ಕೋಟಾದ ಸೀಟಿಗೆ ಸಂದರ್ಶನಕ್ಕೆ ಹೋಗಿ "ಐ ಪ್ಲೇ ವೆಲ್" ಎಂದಷ್ಟೇ ಹೇಳಿ ಸುಮ್ಮನಾದರೆ, ನೀವು ಸುರಿಸಿದ ಬೆವರು ಎದುರಿಗೆ ಕುಳಿತವರಿಗೆ ಕಾಣುವುದಿಲ್ಲ.

ಮೊದಲು ಗೆಲುವು ಸೋಲಿನ ಮಾತು. ಕನ್ನಡದಲ್ಲಿ ಪಂದ್ಯವನ್ನೂ ಗೆಲ್ಲುತ್ತೇವೆ, ಎದುರಾಳಿಯನ್ನೂ ಗೆಲ್ಲುತ್ತೇವೆ. ಇಂಗ್ಲಿಷಿನಲ್ಲಿ ಪಂದ್ಯಕ್ಕೆ 'ವಿನ್', ಎದುರಾಳಿಗೆ 'ಬೀಟ್'. "ವಿ ವನ್ ದೆಮ್" ತಪ್ಪು. "ವಿ ಬೀಟ್ ದೆಮ್" ಸರಿ. ಭೂತಕಾಲದಲ್ಲೂ ಅದು 'ಬೀಟ್' ಆಗಿಯೇ ಉಳಿಯುತ್ತದೆ. ಸೋತರೆ "ವಿ ಲಾಸ್ಟ್ ಟು ದೆಮ್". ಅಂತರ ಹೇಳಲು 'ಬೈ' ಬೇಕು. 1983ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ 183, ವೆಸ್ಟ್ ಇಂಡೀಸ್ 140. ಅಂದರೆ "ಇಂಡಿಯಾ ಬೀಟ್ ವೆಸ್ಟ್ ಇಂಡೀಸ್ ಬೈ ಫಾರ್ಟಿ ತ್ರೀ ರನ್ಸ್". ನಿಮ್ಮ ಕಬಡ್ಡಿಗೂ ಇದೇ ಅಚ್ಚು: "ವಿ ವನ್ ಬೈ ಫೈವ್ ಪಾಯಿಂಟ್ಸ್".

ಎರಡನೆಯದು ಆಟದ ಗುಣ. ಕೊನೆಯವರೆಗೂ ದಣಿಯದೆ ಆಡುವ ಶಕ್ತಿ ಸ್ಟ್ಯಾಮಿನಾ. ಪ್ರತಿ ಸಲವೂ ಅದೇ ಮಟ್ಟ ಕಾಯ್ದುಕೊಳ್ಳುವುದು ಕನ್ಸಿಸ್ಟೆನ್ಸಿ. ಈವರೆಗಿನ ನಿಮ್ಮದೇ ಅತ್ಯುತ್ತಮ ಸಾಧನೆ ಪರ್ಸನಲ್ ಬೆಸ್ಟ್. "ಮೈ ಪರ್ಸನಲ್ ಬೆಸ್ಟ್ ಇನ್ ಲಾಂಗ್ ಜಂಪ್ ಈಸ್ ಫೈವ್ ಮೀಟರ್ಸ್" ಎಂದು ಹೇಳಿ ನೋಡಿ. ಅಂಕಿ ಸೇರಿದರೆ ಮಾತಿಗೆ ತೂಕ ಬರುತ್ತದೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಒಳ್ಳೆಯ ಬೌಲರ್ ಎಂದರೆ ಅರ್ಧ ಪರಿಚಯ. 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದವರು ಎಂದರೆ ಕೇಳಿದವರು ತಲೆ ಎತ್ತಿ ನೋಡುತ್ತಾರೆ.

ಮೂರನೆಯದು ಮುಖ್ಯ. 'ಔಟ್ ಆಫ್ ಫಾರ್ಮ್' ಎಂದರೆ ಸದ್ಯಕ್ಕೆ ಆಟ ಕೈಗೂಡುತ್ತಿಲ್ಲ ಎಂದಷ್ಟೇ ಅರ್ಥ. ಕರ್ನಾಟಕದ ವಿಕೆಟ್‌ಕೀಪರ್ ಸೈಯದ್ ಕಿರ್ಮಾನಿಯವರನ್ನು 1979ರ ಇಂಗ್ಲೆಂಡ್ ಪ್ರವಾಸಕ್ಕೆ ಆರಿಸಲಿಲ್ಲ. "ಹಿ ವಾಸ್ ಡ್ರಾಪ್ಡ್". ಅದೇ ವರ್ಷ ತಂಡಕ್ಕೆ ಮರಳಿದ ಅವರು ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನೈಟ್ ವಾಚ್‌ಮನ್ ಆಗಿ ಇಳಿದು ಅಜೇಯ 101 ರನ್ ಹೊಡೆದರು. "ಹಿ ಮೇಡ್ ಎ ಕಂಬ್ಯಾಕ್". 1983ರಲ್ಲಿ ವಿಶ್ವಕಪ್ ಗೆದ್ದ ತಂಡದ ವಿಕೆಟ್‌ಕೀಪರ್ ಕೂಡ ಅವರೇ.

ಹಿರಿಯರಲ್ಲಿ ನನ್ನದೊಂದು ವಿನಂತಿ. ಆಟಗಾರನಿಗೆ ತೋರುವ ಈ ಔದಾರ್ಯವನ್ನು ಓದುವ ಮಕ್ಕಳಿಗೂ ತೋರಿಸೋಣ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಹುಡುಗನಿಗೆ 'ದಡ್ಡ' ಎಂದು ಹೆಸರಿಟ್ಟು ಗ್ಯಾರೇಜಿಗೆ ಕಳಿಸುತ್ತೇವೆ. ಹುಡುಗಿಯಾದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುತ್ತೇವೆ. ಒಂದು ಇನ್ನಿಂಗ್ಸ್ ನೋಡಿ ಆಟವನ್ನೇ ಮುಗಿಸಿದಂತಾಯಿತು. ಫಾರ್ಮ್ ಹೋಗಿದೆ ಎನ್ನೋಣ, ಮರುಪರೀಕ್ಷೆಗೆ ಕೂರಿಸೋಣ.

ವಿದ್ಯಾರ್ಥಿಗಳೇ, ಪ್ರತಿದಿನ ಆಟ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ಮೂರು ವಾಕ್ಯ ಬರೆಯಿರಿ: ಫಲಿತಾಂಶ ಏನಾಯಿತು, ನನ್ನ ಸಾಧನೆ ಎಷ್ಟು, ಏನನ್ನು ಸುಧಾರಿಸಿಕೊಳ್ಳಬೇಕು. ಮೂರನೆಯ ವಾಕ್ಯ "ಐ ನೀಡ್ ಟು ಇಂಪ್ರೂವ್" ಎಂದು ಶುರುವಾಗಲಿ. ಆ ವಾಕ್ಯ ಬರೆಯಬಲ್ಲವರು ಆಟದಲ್ಲೂ ಪಾಠದಲ್ಲೂ ಮುಂದೆ ಬರುತ್ತಾರೆ.