ನಮ್ಮ ಊರಿನಲ್ಲೊಂದು ನ್ಯಾಯ ವ್ಯಾಪಾರದ ದಿನ

(ಸಂಘಗಳ ಆಡಳಿತ ಮಂಡಳಿ ಸದಸ್ಯರು, ಕಾರ್ಯದರ್ಶಿಗಳು ಮತ್ತು ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಅಖಿಲ ಭಾರತ ಸಹಕಾರ ಸಪ್ತಾಹ. ಆ ದಿನಗಳಲ್ಲಿ ನಾವು ಏನು ಮಾಡುತ್ತೇವೆಂಬುದು ನಿಮಗೆ ಗೊತ್ತೇ ಇದೆ. ಏಳು ಬಣ್ಣದ ಧ್ವಜ ಏರಿಸುತ್ತೇವೆ, ಬಂದವರಿಗೆ ಹಾರ ಹಾಕುತ್ತೇವೆ, ನನ್ನಂಥವರು ಒಂದು ಗಂಟೆ ಮಾತಾಡುತ್ತೇವೆ, ಹಾಲು ಕರೆಯುವ ಹೊತ್ತಾಯಿತೆಂದು ನೀವು ಎದ್ದು ಹೋಗುತ್ತೀರಿ. ತಪ್ಪು ನಿಮ್ಮದಲ್ಲ. ಈ ಸಲ ಅದರಲ್ಲಿ ಒಂದು ದಿನವನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳೋಣವೇ ಎಂದು ಕೇಳಲು ನಿಮ್ಮ ಮುಂದೆ ನಿಂತಿದ್ದೇನೆ.

ಹೊರದೇಶಗಳಲ್ಲಿ ‘ಫೇರ್ ಟ್ರೇಡ್’ ಎಂಬ ಮಾತು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಮೆಕ್ಸಿಕೋ ದೇಶದ ಬೆಟ್ಟಗಾಡಿನ ಸಣ್ಣ ಕಾಫಿ ಬೆಳೆಗಾರರು ದಲ್ಲಾಳಿಗಳ ಕೈಗೆ ಸಿಕ್ಕಿ ಸೋತು, ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅವರ ಕಾಫಿಗೆ 1988ರಲ್ಲಿ ಹಾಲೆಂಡಿನಲ್ಲಿ ಒಂದು ಮುದ್ರೆ ಬಂತು. ಬೆಳೆದವನಿಗೆ ನ್ಯಾಯವಾದ ಬೆಲೆ ಸಂದಿದೆ ಎಂದು ಕೊಳ್ಳುವವನಿಗೆ ತಿಳಿಸುವ ಮುದ್ರೆ ಅದು. ಒಳ್ಳೆಯ ಕೆಲಸವೇ. ಆದರೆ ನಮಗೆ ಇದು ಹೊಸ ಪಾಠವಲ್ಲ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ, ತಮ್ಮ ಹಾಲನ್ನು ಒಬ್ಬನೇ ಖಾಸಗಿ ವ್ಯಾಪಾರಿಗೆ ಹಾಕಬೇಕೆಂಬ ಏರ್ಪಾಡನ್ನು ಒಪ್ಪದೆ, ಹದಿನೈದು ದಿನ ಹಾಲು ಹಾಕುವುದನ್ನೇ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 14ರಂದು ಅವರ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ ಪಟೇಲರು ಹಳ್ಳಿ ಹಳ್ಳಿ ನಡೆದು ಕಟ್ಟಿದ್ದು. ಕುರಿಯನ್ ಅವರು ಬಂದದ್ದು ಆಮೇಲೆ, 1949ರಲ್ಲಿ. ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ತೆರೆದದ್ದಂತೂ 1905ರಷ್ಟು ಹಿಂದೆ.

ಹಾಗಾದರೆ ನ್ಯಾಯ ವ್ಯಾಪಾರದ ದಿನ ನಮಗೇಕೆ? ನ್ಯಾಯ ನಡೆದರೆ ಸಾಲದು, ನಡೆಯುತ್ತಿದೆ ಎಂದು ಕಣ್ಣಿಗೆ ಕಾಣಬೇಕು. ನಮ್ಮಲ್ಲಿ ಅದು ಕಾಣುತ್ತಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಹಾಲಿನ ಪಾಸ್ ಪುಸ್ತಕ ಹಿಡಿದು ನನ್ನ ಬಳಿ ಬಂದರು. ಪಕ್ಕದ ಮನೆಯವರದೂ ಅದೇ ತಳಿಯ ಹಸು, ಅದೇ ಹುಲ್ಲು, ಅದೇ ಪಶು ಆಹಾರ. ಅವರಿಗೆ ಜಿಡ್ಡು 4.2, ಈಕೆಗೆ 3.1. ‘ಕಾರ್ಯದರ್ಶಿ ನಮ್ಮ ಜಾತಿಯವನಲ್ಲ ಸ್ವಾಮಿ, ಅದಕ್ಕೇ’ ಎಂದರು. ನಾನು ಕೆಲಸದ ಅವಸರದಲ್ಲಿದ್ದೆ. ‘ಯಂತ್ರಕ್ಕೆ ಜಾತಿ ಇಲ್ಲಮ್ಮ’ ಎಂದು ನಕ್ಕು ಜೀಪು ಹತ್ತಿದೆ. ಒಂದು ತಿಂಗಳಲ್ಲಿ ಆಕೆ, ಆಕೆಯ ಅಕ್ಕಪಕ್ಕದ ಏಳೆಂಟು ಮನೆಯವರು ಖಾಸಗಿ ಗಾಡಿಗೆ ಹಾಲು ಹಾಕತೊಡಗಿದರು. ಮುಂಗಡ ಕೊಟ್ಟಿದ್ದ ಗಾಡಿಯವನು ಬೇಸಿಗೆ ಕಳೆದು ಹಾಲು ಹೆಚ್ಚಾದ ಕೂಡಲೇ ಬರುವುದನ್ನು ಬಿಟ್ಟ.

ಆಮೇಲೆ ಹೋಗಿ ಆ ಮನೆಯ ಕೊಟ್ಟಿಗೆಯಲ್ಲಿ ನಿಂತು ನೋಡಿದೆ. ಆಕೆ ಮೊದಲು ಪಾತ್ರೆಗೆ ಕರೆದುಕೊಂಡು, ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. ಮೊದಲು ಬರುವ ಹಾಲು ತೆಳು. ಜಿಡ್ಡೆಲ್ಲ ಕೊನೆಯ ಸೆಲೆಯಲ್ಲಿ. ಪಕ್ಕದ ಮನೆಯವರು ಕರುವಿಗೆ ಮೊದಲೇ ಕುಡಿಸಿ, ಕೊನೆಯ ಹನಿಯವರೆಗೆ ಕರೆಯುತ್ತಿದ್ದರು. ಕಾರ್ಯದರ್ಶಿ ಮೋಸ ಮಾಡಿರಲಿಲ್ಲ, ಆ ತಾಯಿ ಸುಳ್ಳು ಹೇಳಿರಲಿಲ್ಲ. ಅಷ್ಟನ್ನು ನಿಂತು ವಿವರಿಸಲು ನನಗೆ ಹತ್ತು ನಿಮಿಷ ಇರಲಿಲ್ಲ, ಅಷ್ಟೇ.

ಎಲ್ಲ ಕಡೆಯೂ ಕಾರ್ಯದರ್ಶಿ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಹಾಲನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಜಿಡ್ಡು ತಪ್ಪಾಗುತ್ತದೆ. ಪರೀಕ್ಷೆಗೆಂದು ಹೊತ್ತಿಗೆ 50 ಮಿಲಿ ಲೀಟರ್ ತೆಗೆದರೆ ದಿನಕ್ಕೆ 100, ವರ್ಷಕ್ಕೆ 36 ಲೀಟರಿಗೂ ಮೇಲೆ. ನೂರು ಜನ ಹಾಲು ಹಾಕುವ ಸಂಘದಲ್ಲಿ ದಿನಕ್ಕೆ 10 ಲೀಟರು. ಆ ಮಾದರಿ ಹಾಲು ಮಾರಿದ ಹಣ ಸಂಘದ ಲೆಕ್ಕಕ್ಕೆ ಬಂದು, ಲಾಭದಲ್ಲಿ ಸೇರಿ ನಿಮ್ಮ ಬೋನಸ್ಸಿಗೆ ಬರಬೇಕು. ಬರುತ್ತಿದೆಯೇ? ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕಾರ್ಯದರ್ಶಿಗಳು ನನ್ನ ಮೇಲೆ ಕೋಪಿಸಿಕೊಳ್ಳಬಾರದು. ಸರಿಯಾಗಿ ಲೆಕ್ಕ ಇಟ್ಟವನಿಗೆ ಈ ಪ್ರಶ್ನೆಯಷ್ಟು ಒಳ್ಳೆಯ ಸನ್ಮಾನ ಬೇರೆ ಇಲ್ಲ.

ಈಗ ದಿನದ ಏರ್ಪಾಡಿಗೆ ಬರೋಣ. ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಇರಲಿ. ಎರಡೂ ಕರೆಯುವ ಹೊತ್ತಿಗೆ ಅಡ್ಡಿಯಾಗಬಾರದು. ರಾಗಿ ಕೊಯ್ಲು ನಡೆಯುವ ಊರುಗಳಲ್ಲಿ ಮೊದಲು ನಾಲ್ಕು ಮನೆ ಕೇಳಿ ದಿನ ಗೊತ್ತುಮಾಡಿ. ಶಾಮಿಯಾನ ಬೇಡ, ಸಂಘದ ಮುಂದಿನ ಮರದ ನೆರಳು ಸಾಕು. ವೇದಿಕೆಯ ಜಾಗದಲ್ಲಿ ಪರೀಕ್ಷಕರ ಮೇಜು ಇರಲಿ. ಯಾರನ್ನೂ ಅಧ್ಯಕ್ಷತೆಗೆ ಕರೆಯಬೇಡಿ. ಕರೆದರೆ ಅವರಿಗಾಗಿ ಒಂದೂವರೆ ಗಂಟೆ ಕಾಯಬೇಕಾಗುತ್ತದೆ.

ಮೊದಲು ತಕ್ಕಡಿ. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಬೇಕು. ಆ ಪತ್ರವನ್ನು ಗೋಡೆಗೆ ಅಂಟಿಸಿ, ಮುದ್ರೆ ಇರುವ ತೂಕದ ಕಲ್ಲನ್ನು ಸದಸ್ಯರೇ ಇಟ್ಟು ನೋಡಲಿ. ಆಮೇಲೆ ಜಿಡ್ಡಿನ ಪರೀಕ್ಷೆ. ಇದಕ್ಕೆ ಹೊತ್ತು ಬೇಕು, ಅವಸರ ಮಾಡಬೇಡಿ. ಒಂದು ಕ್ಯಾನ್ ಹಾಲನ್ನು ಒಂದೆರಡು ಗಂಟೆ ಅಲುಗಿಸದೆ ಇಟ್ಟು ಮೇಲಿನಿಂದ ಒಂದು ಮಾದರಿ ತೆಗೆಯಿರಿ. ಚೆನ್ನಾಗಿ ಕಲಕಿ ಇನ್ನೊಂದು ತೆಗೆಯಿರಿ. ಎರಡನ್ನೂ ಎಲ್ಲರ ಮುಂದೆ ಪರೀಕ್ಷಿಸಿ, ಬಂದ ಅಂಕಿಯನ್ನು ಹಲಗೆಯ ಮೇಲೆ ಬರೆಯಿರಿ. ಒಂದು ಹಸುವಿನ ಮೊದಲ ಹಾಲು, ಕೊನೆಯ ಹಾಲು ಬೇರೆ ಬೇರೆ ಲೋಟದಲ್ಲಿ ತಂದು ಅದನ್ನೂ ನೋಡಿ. ಯಂತ್ರದ ಅಂಕಿಯನ್ನು ನಂಬದವರಿದ್ದರೆ ಹಳೆಯ ಗರ್ಬರ್ ವಿಧಾನದಲ್ಲಿಯೂ ಮಾಡಿ ತೋರಿಸಬಹುದು: 10 ಮಿಲಿ ಆಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಅದು ಗಂಧಕಾಮ್ಲ, ಮಕ್ಕಳನ್ನು ದೂರ ನಿಲ್ಲಿಸಿ, ಪಳಗಿದ ಪರೀಕ್ಷಕರೇ ಮಾಡಬೇಕು.

ಎರಡನೆಯ ಭಾಗಕ್ಕೆ ಪಟ್ಟಣದವರನ್ನು ಕರೆಯಿರಿ. ಪ್ರತಿ ಸಂಘ ಹತ್ತು ಜನರನ್ನು ಕರೆದರೆ ಸಾಕು: ಶಾಲೆಯ ಉಪಾಧ್ಯಾಯರು, ಹೋಟೆಲಿನವರು, ನಿಮ್ಮ ಮಗಳನ್ನು ಕೊಟ್ಟ ಪೇಟೆಯ ಮನೆಯವರು. ಹಾಲಿನ ಪೊಟ್ಟಣದ ಬೆಲೆ ಏರಿದಾಗ ಬೇಸರ ಪಡುವವರು ಇವರೇ. ಅವರ ಮುಂದೆ ಹಿಂಡಿ, ಬೂಸಾ, ಜೋಳದ ಬೆಲೆ, ಪಶುವೈದ್ಯರ ಖರ್ಚು, ಮನೆಮಂದಿಯ ದುಡಿಮೆ ಎಲ್ಲವನ್ನೂ ಬರೆದು ಒಂದು ಲೀಟರಿನ ಲೆಕ್ಕ ಇಡಿ. ಗ್ರಾಹಕ ಕೊಟ್ಟ ರೂಪಾಯಿಯಲ್ಲಿ ಉತ್ಪಾದಕರಿಗೆ ಎಷ್ಟು, ಸಾಗಣೆ ಸಂಸ್ಕರಣೆಗೆ ಎಷ್ಟು, ಮಾರುವವನಿಗೆ ಎಷ್ಟು ಎಂಬುದನ್ನು ಒಕ್ಕೂಟದಿಂದ ತರಿಸಿಕೊಂಡು ಹಲಗೆಗೆ ಹಾಕಿ. ನಮಗೆ ಮುಜುಗರ ತರುವ ಅಂಕಿಯನ್ನೂ ಮುಚ್ಚಿಡಬೇಡಿ. ಅವರೂ ಕೇಳಲಿ: ನೀರು ಬೆರೆಸುವುದಿಲ್ಲವೇ, ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಬೇರೆ ಇಡುತ್ತೀರಾ ಎಂದು. ನಾವು ನ್ಯಾಯದ ಬೆಲೆ ಕೇಳುವವರಾದರೆ ನ್ಯಾಯದ ಹಾಲಿನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಅಲ್ಲಿ ತಡವರಿಸಿದರೆ ಹಲಗೆಯ ಮೇಲಿನ ಲೆಕ್ಕವನ್ನು ಯಾರೂ ನೋಡುವುದಿಲ್ಲ.

ಮಾತಾಡುವವರು ಹಾಲು ಕರೆಯುವವರೇ ಆಗಿರಲಿ. ಷೇರು ಗಂಡಸರ ಹೆಸರಿನಲ್ಲಿದೆ, ಸಗಣಿ ಬಾಚುವುದು ಹೆಂಗಸರು. ಕನಿಷ್ಠ ಮೂವರು ತಾಯಂದಿರು ತಮ್ಮ ಪಾಸ್ ಪುಸ್ತಕವನ್ನು ಎಲ್ಲರ ಮುಂದೆ ಓದಿ, ಅರ್ಥವಾಗದ ಕಡೆ ನಿಲ್ಲಿಸಿ ಕೇಳಲಿ. ಓದು ಬಾರದವರಿಗೆ ಶಾಲೆಗೆ ಹೋಗುವ ಮಗಳು ಓದಿ ಹೇಳಲಿ.

ಖರ್ಚು ಮಜ್ಜಿಗೆ, ಕೋಸಂಬರಿ, ಒಂದು ಹಲಗೆ, ಸೀಮೆಸುಣ್ಣ ಇಷ್ಟೇ. ಹಾರದ ದುಡ್ಡು ಉಳಿಯಿತು. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ನಿರ್ಣಯ ಮಾಡಿ, ದಿನವನ್ನು ಹಾಲು ಹಾಕುವ ಹೊತ್ತಿನಲ್ಲಿಯೇ ಎಲ್ಲರಿಗೂ ತಿಳಿಸಿ. ಗರ್ಬರ್ ಯಂತ್ರ ಇಲ್ಲದ ಸಂಘಗಳು ಒಂದು ವಾರ ಮೊದಲು ಶಿಬಿರ ಕಚೇರಿಗೆ ಬರೆದು ತಿಳಿಸಿದರೆ ಅದನ್ನೂ ಪರೀಕ್ಷಕರನ್ನೂ ಕಳುಹಿಸುವ ಏರ್ಪಾಡು ಮಾಡುತ್ತೇನೆ. ಆ ಏಳೆಂಟು ಮನೆಯವರಲ್ಲಿ ಐದು ಮನೆಯವರು ಸಂಘಕ್ಕೆ ಮರಳಿದ್ದಾರೆ. ಆ ತಾಯಿ ಇನ್ನೂ ಬಂದಿಲ್ಲ. ಆ ಊರಿನ ದಿನಕ್ಕೆ ಅವರನ್ನು ಕರೆಯಲು ನಾನೇ ಹೋಗುತ್ತೇನೆ.